ಗೆದ್ದವನ ಖರ್ಚು ಯಾರ ಲೆಕ್ಕಕ್ಕೆ?

ಕೂಳೂರಿನಲ್ಲಿ ಇಬ್ಬರು ನೆರೆಮನೆಯವರ ನಡುವೆ ಆವರಣ ಗೋಡೆಯ ತಕರಾರು ಎಂದಿಟ್ಟುಕೊಳ್ಳಿ. ಒಬ್ಬ ಇಲ್ಲದ ಹಕ್ಕು ಹೇಳಿ ದಾವೆ ಹೂಡುತ್ತಾನೆ. ಇನ್ನೊಬ್ಬ ಮಗಳ ಕಾಲೇಜು ಫೀಸಿಗೆಂದು ತೆಗೆದಿಟ್ಟ ಹಣವನ್ನು ವಕೀಲರಿಗೆ ಕೊಟ್ಟು, ವಾಯಿದೆ ವಾಯಿದೆಗೂ ಕೆಲಸಕ್ಕೆ ರಜೆ ಹಾಕಿ ಕೋರ್ಟಿಗೆ ಅಲೆಯುತ್ತಾನೆ. ವರ್ಷಗಳ ಮೇಲೆ 'ದಾವೆ ಖರ್ಚು ಸಹಿತ ವಜಾ' ಎಂಬ ತೀರ್ಪು. ಮನೆಯಲ್ಲಿ ಪಾಯಸ. ಡಿಕ್ರಿಯ ನಕಲು ಕೈಗೆ ಬಂದಾಗ ಮಾತ್ರ ಮುಖ ಸಪ್ಪಗಾಗುತ್ತದೆ.

ಡಿಕ್ರಿಯ ಕೊನೆಯಲ್ಲಿ ಖರ್ಚಿನ ಪಟ್ಟಿಯೊಂದು ಇರುತ್ತದೆ: ವಕಾಲತ್ತಿನ ಸ್ಟಾಂಪು, ಸಾಕ್ಷಿಗಳ ಭತ್ಯೆ, ಕಮಿಷನರ ಫೀ, ಸಮನ್ಸ್ ಜಾರಿಯ ವೆಚ್ಚ, ವಕೀಲರ ಫೀ. ಈ ಕೊನೆಯದರಲ್ಲೇ ಇರುವುದು ಗುಟ್ಟು. ಅಲ್ಲಿ ಬರೆಯುವುದು ನಿಯಮಗಳಲ್ಲಿ ಗೊತ್ತುಮಾಡಿದ ದರ. ಕಕ್ಷಿಗಾರ ನಿಜವಾಗಿ ಕೊಟ್ಟ ಹಣವಲ್ಲ. ರಜೆ ಹಾಕಿ ಕಳೆದುಕೊಂಡ ಸಂಬಳಕ್ಕಂತೂ ಅಲ್ಲಿ ಜಾಗವೇ ಇಲ್ಲ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಮಿನಂತೆ ಸೋತವನು ಗೆದ್ದವನ ಖರ್ಚು ಕೊಡುವುದೇ ವಾಡಿಕೆ. ಹಾಗೆ ಕೊಡಿಸದಿದ್ದರೆ ನ್ಯಾಯಾಧೀಶರು ಕಾರಣ ಬರೆಯಬೇಕು. ಗೊತ್ತಿದ್ದೂ ಸುಳ್ಳು ದಾವೆ ಹೂಡಿದವನಿಂದ 35-ಎ ಕಲಮಿನಡಿ ಪರಿಹಾರವನ್ನೂ ಕೊಡಿಸಬಹುದು. ಎಷ್ಟು? ಸಾಮಾನ್ಯ ದಾವೆಗಳಲ್ಲಿ ಹೆಚ್ಚೆಂದರೆ 3,000 ರೂಪಾಯಿ! 1976ರ ತಿದ್ದುಪಡಿಯಲ್ಲಿ ನಿಂತ ಮೊತ್ತ ಅಲ್ಲೇ ನಿಂತಿದೆ.

ಈ ಮಿತಿ ಎಷ್ಟು ಗಟ್ಟಿ ಎಂಬುದು 2011ರಲ್ಲಿ ಗೊತ್ತಾಯಿತು. ಪ್ರಕರಣವೊಂದರಲ್ಲಿ ದೆಹಲಿ ಹೈಕೋರ್ಟ್ ನಿಜವಾದ ಖರ್ಚೆಂದು 45 ಲಕ್ಷ ರೂಪಾಯಿಗೂ ಮಿಕ್ಕಿ ಕೊಡಿಸಿತ್ತು. ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿ, ನಿಯಮಗಳಲ್ಲಿ ಇರುವಷ್ಟೇ ಖರ್ಚನ್ನೂ 35-ಎ ಅಡಿ 3,000 ರೂಪಾಯಿಯನ್ನೂ ಕೊಡಿಸಿತು. ಜೊತೆಗೇ, ಕಾನೂನನ್ನು ತಿದ್ದಿ ಖರ್ಚು ವಾಸ್ತವಕ್ಕೆ ಹತ್ತಿರವಾಗಬೇಕು ಎಂದಿತು. 2015ರ ಕಾನೂನು ವಾಣಿಜ್ಯ ವ್ಯಾಜ್ಯಗಳಿಗೆ ಮಾತ್ರ ಅಂಥ ತಿದ್ದುಪಡಿ ತಂದಿತು. ಗೋಡೆ, ಗದ್ದೆ, ದಾರಿಯ ಜಗಳಗಳು ಹಳೆಯ ಲೆಕ್ಕದಲ್ಲೇ ಉಳಿದವು.

ಖರ್ಚನ್ನು ಮೊದಲೇ ನಿಗದಿಮಾಡುವುದು ತಪ್ಪೇನಲ್ಲ. ಇಂಗ್ಲೆಂಡಿನಲ್ಲಿ 2023ರ ಅಕ್ಟೋಬರ್ 1ರಿಂದ ಒಂದು ಲಕ್ಷ ಪೌಂಡಿನವರೆಗಿನ ಹೆಚ್ಚಿನ ದಾವೆಗಳಲ್ಲಿ, ಯಾವ ಹಂತಕ್ಕೆ ಎಷ್ಟು ವಸೂಲಾಗುತ್ತದೆ ಎಂಬ ಕೋಷ್ಟಕವೇ ಇದೆ. ಸೋತರೆ ಎಷ್ಟು ತೆರಬೇಕು ಎಂಬುದು ಮೊದಲೇ ತಿಳಿಯುತ್ತದೆ. ನಮ್ಮಲ್ಲೂ ತಿಳಿಯುತ್ತದೆ, ಆದರೆ ಆ ಮೊತ್ತ ಕಂಡು ಸುಳ್ಳುಗಾರ ಹೆದರುವುದಿಲ್ಲ. 'ಗೆದ್ದವನು ಸೋತ, ಸೋತವನು ಸತ್ತ' ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಆದರೂ ಕೂಳೂರಿನ ಆ ಪ್ರತಿವಾದಿ ಕೈಕಟ್ಟಿ ಕೂರಬೇಕಾಗಿಲ್ಲ. ಎದುರಾಳಿ ಸುಮ್ಮಸುಮ್ಮನೆ ವಾಯಿದೆ ಕೇಳಿದರೆ 35-ಬಿ ಕಲಮಿನಡಿ ಆ ದಿನದ ಖರ್ಚು ಕೊಡಿಸಿ ಎಂದು ವಕೀಲರ ಮೂಲಕ ಕೇಳಬಹುದು. ಕೋರ್ಟು ಆದೇಶಿಸಿದ ಮೇಲೆ ಅದನ್ನು ಕಟ್ಟದೆ ವಾದಿ ದಾವೆ ಮುಂದುವರಿಸುವಂತಿಲ್ಲ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಫೀ ಮರಳುತ್ತದೆ. ಕಕ್ಷಿದಾರರು ಮಹಿಳೆಯರಾಗಿದ್ದರೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನೂ ಪಡೆಯಬಹುದು. ಆದಾಯ ಎಷ್ಟೆಂದು ಅಲ್ಲಿ ಕೇಳುವುದಿಲ್ಲ.