ಓಲೆಕಾರನ ಬಾಯಿ ಕಟ್ಟಿದಾಗ

ಅಂಗೈಯಲ್ಲಿ ಅಡಗುವ ಬಿಳಿಯ ಸುಂಡಿಲಿಯೊಂದರ ಶ್ವಾಸನಾಳಕ್ಕೆ ಕ್ಲೆಬ್ಸಿಯೆಲ್ಲಾ ಎಂಬ ರೋಗಾಣುಗಳಿರುವ ಒಂದು ಹನಿ ದ್ರವವನ್ನು ಬಿಟ್ಟರೆ, ಕೆಲವೇ ಗಂಟೆಗಳಲ್ಲಿ ಅದರ ಪುಪ್ಪುಸವು ರಣರಂಗವಾಗುತ್ತದೆ. ಮನುಷ್ಯರಿಗೆ ನ್ಯುಮೋನಿಯವನ್ನು ತರುವ ರೋಗಾಣುಗಳಲ್ಲಿ ಇದೂ ಒಂದು. ಆದುದರಿಂದಲೇ ವೈದ್ಯವಿಜ್ಞಾನಿಗಳಿಗೆ ಇಲಿಯ ಎದೆಯೊಳಗಿನ ಈ ಕಾಳಗದಲ್ಲಿ ಅಷ್ಟೊಂದು ಆಸಕ್ತಿ.

ಪುಪ್ಪುಸದ ಗಾಳಿಗೂಡುಗಳಲ್ಲಿ ಹಗಲಿರುಳೂ ಕಾವಲಿರುವ ಜೀವಕಣಗಳುಂಟು. ಒಳಹೊಕ್ಕ ಧೂಳನ್ನೂ ರೋಗಾಣುಗಳನ್ನೂ ನುಂಗಿ ಜೀರ್ಣಿಸಿಕೊಳ್ಳುವ ಇವಕ್ಕೆ ಮಹಾಭಕ್ಷಕಗಳೆಂದು ಹೆಸರು. ಶತ್ರುಗಳು ಸ್ವಲ್ಪವಿದ್ದರೆ ಇವೇ ಸಾಕು. ಸಂಖ್ಯೆ ಮಿತಿಮೀರಿತೆಂದರೆ ನೆರವಿಗಾಗಿ ಓಲೆಕಾರರನ್ನು ಅಟ್ಟುತ್ತವೆ. ಈ ಓಲೆಕಾರರೇ ಸೈಟೊಕೈನುಗಳು. ಒಂದು ಜೀವಕಣದಿಂದ ಹೊರಟು ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಸಣ್ಣ ಪ್ರೋಟೀನುಗಳು. ಕರೆ ಕಿವಿಗೆ ಬಿದ್ದೊಡನೆ ರಕ್ತದಲ್ಲಿ ಹರಿಯುತ್ತಿದ್ದ ಬಿಳಿಯ ಕಣಗಳು ನಾಳದ ಗೋಡೆಯ ಸಂದಿನಲ್ಲಿ ನುಸುಳಿ ಗಾಳಿಗೂಡಿಗೆ ಧಾವಿಸುತ್ತವೆ.

ಈ ಓಲೆಕಾರರಲ್ಲಿ ಟಿ.ಎನ್.ಎಫ್. ಎಂಬುದು ಬಹು ಪ್ರಸಿದ್ಧ. ಬಹುಕಾಲ ಕುಪ್ರಸಿದ್ಧವೂ ಹೌದು. 1975ರಲ್ಲಿ ನ್ಯೂಯಾರ್ಕಿನ ವಿಜ್ಞಾನಿಗಳು ಇದನ್ನು ಇಲಿಯ ರಕ್ತದಲ್ಲಿ ಗುರುತಿಸಿದರು. ಇಲಿಗಳ ಗಡ್ಡೆಗಳನ್ನು ಇದು ಸಾಯಿಸುತ್ತಿದ್ದುದರಿಂದ ಅದಕ್ಕೆ ತಕ್ಕ ಹೆಸರನ್ನೇ ಇಟ್ಟರು. ಹತ್ತು ವರ್ಷಗಳ ಬಳಿಕ ಅದೇ ನಗರದಲ್ಲಿ ಬಾಯ್ಟ್ಲರ್ ಮತ್ತು ಸೆರಾಮಿ ಎಂಬವರು ಬೇರೊಂದು ಗುಟ್ಟನ್ನು ಹೊರಗೆಡಹಿದರು. ಟಿ.ಎನ್.ಎಫ್.ನ್ನು ಕಟ್ಟಿಹಾಕುವ ಪ್ರತಿವಸ್ತುವನ್ನು ಮೊದಲೇ ಚುಚ್ಚಿಸಿಕೊಂಡ ಇಲಿಗಳಿಗೆ, ಬ್ಯಾಕ್ಟೀರಿಯಗಳ ಮೈಯಿಂದ ತೆಗೆದ ಮಾರಕ ವಿಷದಿಂದ ರಕ್ಷಣೆ ದೊರೆಯಿತು. ಎಂದರೆ ಪ್ರಾಣ ತೆಗೆಯುತ್ತಿದ್ದುದು ವಿಷವೊಂದೇ ಅಲ್ಲ, ಮೈಯ ಓಲೆಕಾರನ ಅತಿಯಾದ ಕೂಗು! ಅವನ ಬಾಯಿ ಕಟ್ಟಿದರೆ ರೋಗಿ ಉಳಿದಾನೆಂಬ ಆಸೆ ಚಿಗುರಿದುದರಲ್ಲಿ ಆಶ್ಚರ್ಯವೇನು?

1996ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು ಕ್ಲೆಬ್ಸಿಯೆಲ್ಲಾ ಹೊಕ್ಕ ಇಲಿಗಳಲ್ಲಿ ಇದನ್ನೇ ಮಾಡಿ ನೋಡಿದರು. ಟಿ.ಎನ್.ಎಫ್.ನ್ನು ಹಿಡಿದು ನಿಷ್ಕ್ರಿಯಗೊಳಿಸುವ ಕೃತಕ ಅಣುವನ್ನು ಕೊಟ್ಟರು. ಪುಪ್ಪುಸಕ್ಕೆ ಬಂದ ಬಿಳಿಯ ಕಣಗಳು ಕಡಮೆಯಾದವು, ರೋಗಾಣುಗಳು ಹೆಚ್ಚಿದವು, ಇಲಿಗಳು ಇನ್ನೂ ಹೆಚ್ಚಾಗಿ ಸತ್ತವು. ಎರಡು ಪ್ರಯೋಗಗಳಿಗೂ ಇರುವ ಅಂತರ ಸ್ಪಷ್ಟ. ಸೀಸೆಯ ವಿಷವು ನಿರ್ಜೀವ ವಸ್ತು, ಬೆಳೆಯಲಾರದು. ಪುಪ್ಪುಸದ ರೋಗಾಣುವಾದರೋ ಗಳಿಗೆಗಳಿಗೆಗೂ ಇಮ್ಮಡಿಸುವ ಜೀವಿ. ಅಲ್ಲಿ ಕೂಗದ ಕಾವಲುಗಾರನಿಂದ ಮನೆ ಹಾಳು.

ದುರ್ದೈವದಿಂದ ಮನುಷ್ಯರಲ್ಲೂ ಇಂತಹುದೇ ಅನುಭವವಾಯಿತು. ಅದೇ 1996ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ರಕ್ತಕ್ಕೆ ನಂಜೇರಿದ ರೋಗಿಗಳಿಗೆ ಅದೇ ಜಾತಿಯ ಅಣುವನ್ನು ಕೊಡಲಾಗಿತ್ತು. ಹೆಚ್ಚಿನ ಪ್ರಮಾಣ ಪಡೆದವರಲ್ಲೇ ಸಾವು ಹೆಚ್ಚಾಗಿ ಕಂಡುಬಂದಿತು.

ಓಲೆಕಾರರಲ್ಲಿ ಸಂಧಿಯ ಮಾತಾಡುವವನೂ ಇದ್ದಾನೆ: ಇಂಟರ್‌ಲ್ಯೂಕಿನ್ 10. ಕಾಳಗ ಸಾಕೆಂದು ಸಾರುವುದು ಇದರ ಕೆಲಸ. ಮಿಷಿಗನ್ನಿನಲ್ಲೇ 1995ರಲ್ಲಿ ಇದನ್ನು ತಡೆದಾಗ ನ್ಯುಮೋನಿಯದ ಇಲಿಗಳು ಹೆಚ್ಚಾಗಿ ಬದುಕುಳಿದವು. ಸಂಧಿಯ ಮಾತು ಹೊತ್ತಿಗೆ ಮೊದಲೇ ಕೇಳಿಬರುತ್ತಿತ್ತೆಂದು ತೋರುತ್ತದೆ. ಹಾಗೆಂದು ಅದನ್ನು ಗಡೀಪಾರು ಮಾಡುವಂತೆಯೂ ಇಲ್ಲ. ಹುಟ್ಟಿನಿಂದಲೇ ಅದಿಲ್ಲದ ಇಲಿಗಳ ಕರುಳು ತಾನೇ ತಾನಾಗಿ ಉರಿಯೂತಕ್ಕೆ ಈಡಾಗುವುದು 1993ರಲ್ಲೇ ತಿಳಿದಿತ್ತು.

ಟಿ.ಎನ್.ಎಫ್.ನ ಬಾಯಿ ಕಟ್ಟುವ ಮದ್ದುಗಳು ವ್ಯರ್ಥವಾಗಲಿಲ್ಲ. ಕೀಲುಗಳು ಊದಿ ನರಳುವ ಸಂಧಿವಾತದವರಿಗೆ ಅವು ಬಹಳ ಉಪಕಾರಿಗಳಾಗಿವೆ. ಆದರೆ 2001ರಲ್ಲಿ, ಇನ್‌ಫ್ಲಿಕ್ಸಿಮ್ಯಾಬ್ ಎಂಬ ಅಂತಹ ಮದ್ದನ್ನು ಪಡೆದ 70 ಮಂದಿಗೆ ಕ್ಷಯ ತಗಲಿದುದು ವರದಿಯಾಯಿತು. ಎದೆಯಲ್ಲಿ ಎಷ್ಟೋ ಕಾಲದಿಂದ ಮುಚ್ಚಿಟ್ಟ ಕೆಂಡದಂತಿದ್ದ ರೋಗಾಣುಗಳು, ಕಾವಲು ಸಡಿಲಿದೊಡನೆ ತಲೆಯೆತ್ತಬಲ್ಲವು. ಬಾಧೆಯಿಲ್ಲದೆ ಕ್ಷಯಾಣುವನ್ನು ಹೊತ್ತವರು ಭಾರತದಲ್ಲಿ ಬಹುಮಂದಿ. ಆದುದರಿಂದ ಇಂತಹ ಮದ್ದನ್ನು ಆರಂಭಿಸುವ ಮುನ್ನ ವೈದ್ಯರು ಎದೆಯ ಎಕ್ಸ್‌ರೇ ತೆಗೆಯಿಸುತ್ತಾರೆ. ಚರ್ಮದ ಅಥವಾ ರಕ್ತದ ಪರೀಕ್ಷೆಯಲ್ಲಿ ಕ್ಷಯದ ಸುಳಿವು ಕಂಡರೆ ಮೊದಲು ಅದಕ್ಕೆ ಚಿಕಿತ್ಸೆ ಆರಂಭಿಸುತ್ತಾರೆ.