ಹಣ್ಣಿಗಿರುವ ಪರೀಕ್ಷೆ ಹೂವಿಗೇಕಿಲ್ಲ?

ಲಾಲ್‌ಬಾಗ್‌ನ ನಾಗಲಿಂಗ ಮರದ ಬಳಿ ಬಂದವರಲ್ಲಿ ಅನೇಕರು ಮೊದಲು ಕೈಮುಗಿಯುತ್ತಾರೆ, ಫೋಟೊ ಆಮೇಲೆ. ಹೂವಿನ ನಡುವೆ ಪುಟ್ಟ ಲಿಂಗ, ಅದರ ಮೇಲೆ ಬಾಗಿದ ಹೆಡೆ. ಶಿವಪೂಜೆಗೆಂದೇ ಹುಟ್ಟಿದಂತಿರುವ ಈ ಮರದ ತವರು ದಕ್ಷಿಣ ಅಮೆರಿಕದ ಮಳೆಕಾಡು. ಆ ಹೆಡೆ ದುಂಬಿಗೆ ಹಾಕಿದ ಊಟದ ಎಲೆ. ಅಲ್ಲಿನ ಪರಾಗ ತಿನ್ನುವುದಕ್ಕೆ ಮಾತ್ರ. ಕೆಳಗಿನ ಉಂಗುರದ ಪರಾಗ ದುಂಬಿಯ ಬೆನ್ನಿಗಂಟಿ ಇನ್ನೊಂದು ಹೂವಿಗೆ ಹೋಗುತ್ತದೆ. ಕಾಯಿಯ ಕಥೆ ಬೇರೆ. ತವರಿನಲ್ಲಿ ಹಂದಿಯನ್ನು ಹೋಲುವ ಪೆಕರಿ ಎಂಬ ಪ್ರಾಣಿ, ಬಿದ್ದೊಡೆದ ಹಣ್ಣಿನ ನಾರುವ ತಿರುಳು ತಿಂದು ಬೀಜ ಚೆಲ್ಲುತ್ತದೆ. ಇಲ್ಲಿ ಅದಿಲ್ಲ. ಫಿರಂಗಿ ಗುಂಡಿನಂಥ ಕಾಯಿ ಬಿದ್ದಲ್ಲೇ ಕೊಳೆಯುತ್ತದೆ. ಹಾಗಾಗಿ ನಾಗಲಿಂಗ ನಾವು ನೆಟ್ಟಲ್ಲಿ ಬೆಳೆಯಿತೇ ಹೊರತು ಕಾಡಿಗೆ ನುಗ್ಗಲಿಲ್ಲ.

ಪರದೇಶದ ಎಲ್ಲ ಮರಗಳಿಗೂ ನಾವು ಹೀಗೆ ಕೈಮುಗಿಯುವುದಿಲ್ಲ. ಪ್ರತಿ ಬೇಸಿಗೆ ಮಳೆಗೆ ಬೆಂಗಳೂರಿನಲ್ಲಿ ಮರಗಳು ಉರುಳಿದಾಗ ಒಂದೇ ಕೂಗು ಏಳುತ್ತದೆ: ಗುಲ್‌ಮೊಹರ್, ನೀರುಕಾಯಿ ಮರಗಳೆಲ್ಲ ಪರದೇಶದವು, ತೆಗೆದು ಹೊಂಗೆ, ಬೇವು ನೆಡಿ. ಮೆದು ಕೊಂಬೆಯ ಮರಗಳು ಬೇಗ ಮುರಿಯುವುದು ನಿಜ. ಆದರೆ ಬುಡದವರೆಗೆ ಕಾಂಕ್ರೀಟ್ ಸುರಿದು, ಬೇರು ಕತ್ತರಿಸಿ ಕೇಬಲ್ ಹೂತರೆ ಹೊಂಗೆಯೂ ನಿಲ್ಲುವುದಿಲ್ಲ. ಗಿಡದ ಹುಟ್ಟೂರು ಕೇಳಿ ತೀರ್ಪು ಕೊಡುವುದಾದರೆ ನಮ್ಮ ಹಿತ್ತಿಲು ಅರ್ಧ ಖಾಲಿಯಾಗಬೇಕು. ಪರಂಗಿ ಹಣ್ಣು ತನ್ನ ಪರದೇಶಿತನವನ್ನು ಹೆಸರಲ್ಲೇ ಹೊತ್ತಿದೆ. ಸೀಬೆ, ಸಪೋಟ, ಗೇರು ಅಮೆರಿಕ ಖಂಡಗಳಿಂದ ಬಂದವು. ಸೀತೆಯ ಹೆಸರಿಟ್ಟುಕೊಂಡ ಸೀತಾಫಲವೂ ಅಲ್ಲಿಯದೇ.

ಇವು ತಾವಾಗಿ ಬಂದಿಳಿದವಲ್ಲ, ಯಾರೋ ತಂದವು. 1760ರಲ್ಲಿ ಹೈದರಾಲಿ ಆರಂಭಿಸಿದ, ಟಿಪ್ಪು ಬೆಳೆಸಿದ ಲಾಲ್‌ಬಾಗ್ ತೋಟಕ್ಕೆ ಆಗಿನಿಂದಲೇ ಹೊರನಾಡಿನ ಸಸಿಗಳು ಬಂದವು. 1874ರಲ್ಲಿ ಅದರ ಹೊಣೆ ಹೊತ್ತ ಜಾನ್ ಕ್ಯಾಮರಾನ್ ಲಾಲ್‌ಬಾಗನ್ನು ಪ್ರಯೋಗದ ತಾಕಿನಂತೆ ನಡೆಸಿದರು. ಸೀಮೆಬದನೆ ಅವರ ಕೊಡುಗೆ. ಅದು ಇಲ್ಲಿಂದ ಎಷ್ಟು ಹಬ್ಬಿತೆಂದರೆ ತಮಿಳರು ಮೆಕ್ಸಿಕೋ ಕಡೆಯ ಆ ಕಾಯಿಯನ್ನು ‘ಬೆಂಗಳೂರು ಕತ್ತಿರಿಕ್ಕಾಯ್’ ಎಂದೇ ಕರೆಯುತ್ತಾರೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನಿಯ ಸಸ್ಯತಜ್ಞ ಕ್ರುಂಬಿಗಲ್ ಒಂದು ಮರದ ಹೂ ಉದುರುವಾಗ ಇನ್ನೊಂದು ಅರಳುವಂತೆ ಯೋಚಿಸಿ ನೆಡಿಸಿ, ಊರಿಗೆ ಹೂವಿನ ಪಂಚಾಂಗವನ್ನೇ ಬರೆದುಕೊಟ್ಟರು. ಮುಂದೆ ತೋಟಗಾರಿಕೆ ತಜ್ಞ ಎಂ.ಎಚ್. ಮರೀಗೌಡರು ರಾಜ್ಯದ ಉದ್ದಗಲಕ್ಕೂ ತೋಟಗಾರಿಕೆ ಫಾರ್ಮ್, ನರ್ಸರಿಗಳನ್ನು ಕಟ್ಟಿ ಹಣ್ಣಿನ ಸಸಿಗಳನ್ನು ರೈತರ ಹೊಲಕ್ಕೆ ಮುಟ್ಟಿಸಿದರು.

ಹಣ್ಣಿನ ವಿಷಯದಲ್ಲಿ, ಪ್ರಯೋಗಿಸಿ ನೋಡುವ ಆ ಶಿಸ್ತು ಇಂದಿಗೂ ಉಳಿದಿದೆ. ಕೊಡಗಿನ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ಮಲಯ ಸೀಮೆಯ ರಂಬೂಟಾನ್ ಸಸಿಗಳನ್ನು ಬೆಳೆಸಿ, ಇಳುವರಿ ನೋಡಿ, ರುಚಿ ನೋಡಿ, ಆಮೇಲೆ ‘ಅರ್ಕಾ ಕೂರ್ಗ್ ಅರುಣ್’ ತಳಿಯನ್ನು ಹೊರಬಿಟ್ಟಿತು. ಬೆಣ್ಣೆ ಹಣ್ಣಿಗೂ ಅಲ್ಲಿ ಇದೇ ಹಾದಿ. ರೈತನ ದುಡ್ಡಿನ ಪ್ರಶ್ನೆ ಇರುವುದರಿಂದ ಯಾರೂ ಅವಸರ ಮಾಡುವುದಿಲ್ಲ.

ಅಂದಕ್ಕೆ ತಂದ ಗಿಡಕ್ಕೆ ಇಂಥ ಜಾಗ್ರತೆ ಕಾಣುವುದಿಲ್ಲ. ನಮ್ಮ ಕಾಡುಗಳನ್ನು ಕಾಡಿದ ಗಿಡಗಳಲ್ಲಿ ಹೆಸರಾದ ಕೆಲವು ಬಂದದ್ದು ಹೊಟ್ಟೆಗಾಗಿ ಅಲ್ಲ, ಕಣ್ಣಿಗಾಗಿ, ನೆರಳಿಗಾಗಿ. ಲಂಟಾನವನ್ನು 19ನೇ ಶತಮಾನದ ಆರಂಭದಲ್ಲಿ ಕೋಲ್ಕತ್ತದ ಸಸ್ಯೋದ್ಯಾನಕ್ಕೆ ತಂದದ್ದು ಅದರ ಬಣ್ಣದ ಗೊಂಚಲಿಗಾಗಿ. ನಾಗಲಿಂಗಕ್ಕೆ ಸಿಗದ ನೆಂಟರು ಇದಕ್ಕೆ ಸಿಕ್ಕರು: ಪಿಕಳಾರಗಳು ಕಪ್ಪು ಹಣ್ಣು ತಿಂದು ಬೇಲಿಯಿಂದ ಬೇಲಿಗೆ, ಬೇಲಿಯಿಂದ ಕಾಡಿಗೆ ಬೀಜ ಒಯ್ದವು. ದೇಶದ ಹುಲಿ ನೆಲೆಗಳ ಸುಮಾರು ಶೇ 40ರಷ್ಟಕ್ಕೆ ಲಂಟಾನದ ಬಾಧೆ ಇದೆಯೆಂದು 2020ರ ಅಧ್ಯಯನವೊಂದು ಅಂದಾಜಿಸಿತು. ಬಿಳಿಗಿರಿರಂಗನ ಬೆಟ್ಟದಲ್ಲಿ ಪೊದೆ ಆಳೆತ್ತರ ನಿಂತಿದೆ, ಅದರಡಿ ಹುಲ್ಲಿಲ್ಲ. ನೆಲದ ತರಗೆಲೆಗೆ ತಾವು ಇಡುತ್ತಿದ್ದ ‘ತರಗು ಬೆಂಕಿ’ ನಿಂತ ಮೇಲೆಯೇ ಇದು ಹೀಗೆ ಬೆಳೆಯಿತೆಂದು ಅಲ್ಲಿನ ಬುಡಕಟ್ಟಿನವರಾದ ಸೋಲಿಗರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಅವರ ಮಾತನ್ನು ಮೊದಲೇ ಕೇಳಬೇಕಿತ್ತು ಎಂದು ನನಗೆ ಬಲವಾಗಿ ಅನಿಸುತ್ತದೆ.

ಇನ್ನೊಂದು, ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್. 1980ರ ದಶಕದಲ್ಲಿ ವಯನಾಡಿನಲ್ಲಿ ನೆರಳಿಗೂ ಸೌದೆಗೂ ಎಂದು ನೆಟ್ಟ ಮರ ಈಗ ಬಂಡೀಪುರ, ನಾಗರಹೊಳೆಗಳಲ್ಲೂ ಇದೆ. ಕಡಿದರೆ ಬುಡದಿಂದ ಹತ್ತಾರು ಚಿಗುರು ಒಡೆಯುತ್ತದೆ. ಹೂ ಬಿಟ್ಟಾಗ ಅದು ಸುಂದರ, ಅದೇ ಕಷ್ಟ: ಅದನ್ನು ಕಡಿಯಿರಿ ಎನ್ನಲು ಬಾಯಿ ಬರುವುದಿಲ್ಲ.

ಆಮದು ಸಸಿಗಳಿಗೆ ಕ್ವಾರಂಟೈನ್ ಇಲ್ಲವೇ ಎಂದು ಕೇಳಬಹುದು. ಇದೆ. ಆದರೆ ಅದರ ಗಮನ ಹೆಚ್ಚಾಗಿ ಗಿಡದೊಂದಿಗೆ ಬರುವ ಕೀಟ-ರೋಗಗಳ ಮೇಲೆ. ಗಿಡವೇ ಮುಂದೆ ಏನಾದೀತೆಂಬುದು ಬಂದರಿನ ಮೇಜಿನ ಮೇಲೆ ಕಾಣುವುದಿಲ್ಲ. ಅದಕ್ಕೆ ನೆಲ ಬೇಕು, ಮಳೆಗಾಲಗಳು ಬೇಕು, ನೋಡುವ ಕಣ್ಣು ಬೇಕು. ಅಲಂಕಾರಿಕ ಕಾನೋಕಾರ್ಪಸ್ ಗಿಡವನ್ನು ಗುಜರಾತ್ 2023ರಲ್ಲಿ ನಿಷೇಧಿಸಿದ್ದು ರಸ್ತೆ ರಸ್ತೆಗಳಲ್ಲಿ ನೆಟ್ಟಾದ ಮೇಲೆ. ಈ ಕಾಯುವ ಕೆಲಸಕ್ಕೆ ಸಸ್ಯೋದ್ಯಾನಕ್ಕಿಂತ ತಕ್ಕ ಜಾಗ ಬೇರೆ ಯಾವುದಿದೆ? 240 ಎಕರೆ, ಎರಡೂವರೆ ಶತಮಾನದ ಅನುಭವ, ಖಂಡ ಖಂಡಗಳ ಮರಗಳು ಲಾಲ್‌ಬಾಗ್‌ನಲ್ಲಿವೆ. ಆದರೆ ಅದು ಸುದ್ದಿಯಾಗುವುದು ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನಗಳಲ್ಲಿ, ಅದೂ ಎಷ್ಟು ಟಿಕೆಟ್ ಮಾರಿತೆಂಬ ಲೆಕ್ಕದಲ್ಲಿ. ಪ್ರದರ್ಶನ ಇರಲಿ, ಮಕ್ಕಳು ಗಾಜಿನ ಮನೆಯಲ್ಲಿ ಕಣ್ಣರಳಿಸುವುದು ನನಗೂ ಇಷ್ಟ. ಜೊತೆಗೆ ರಾಜ್ಯದಲ್ಲಿ ಯಾವುದೇ ಹೊಸ ಅಲಂಕಾರಿಕ ಗಿಡವನ್ನು ರಸ್ತೆಬದಿಗೆ, ಬಡಾವಣೆಗೆ ಸಗಟಾಗಿ ನೆಡುವ ಮುನ್ನ ಲಾಲ್‌ಬಾಗ್‌ನಂಥ ತೋಟದಲ್ಲಿ ಕೆಲವು ವರ್ಷ ಬೆಳೆಸಿ, ಅಲ್ಲಿನ ಒಪ್ಪಿಗೆ ಪಡೆಯಬೇಕೆಂಬ ನಿಯಮ ಬರಲಿ.

ಅದಕ್ಕೆ ದೊಡ್ಡ ಪ್ರಯೋಗಾಲಯ ಬೇಡ. ದಿನವೂ ಕಳೆ ಕೀಳುವ ಮಾಲಿಗಳಿದ್ದಾರೆ. ಯಾವ ಮರದ ಕೆಳಗೆ ಯಾರೂ ಬಿತ್ತದ ಸಸಿ ಎದ್ದಿದೆ, ಎಷ್ಟು ದೂರ ಹೋಗಿದೆ, ಹಣ್ಣಿಗೆ ಯಾವ ಹಕ್ಕಿ ಬಂದಿದೆ ಎಂಬುದು ಅವರ ಕಣ್ಣಿಗೆ ಮೊದಲು ಬೀಳುತ್ತದೆ. ಆ ಮಾತನ್ನು ತಾರೀಖು ಹಾಕಿ ಬರೆದಿಡುವ ಒಂದು ಪುಸ್ತಕ ಈ ಮುಂಗಾರಿನಿಂದಲೇ ಶುರುವಾಗಬಹುದು.