ಬೇರೆ ಕೂರಿಸುವುದು ಶಿಕ್ಷಣವಲ್ಲ

ಸ್ಕೂಲಿನಲ್ಲಿ ಬೇರೆ ಕೂರುವುದು ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಾಬಾಸಾಹೇಬರು ಹುಡುಗನಾಗಿದ್ದಾಗ ಮನೆಯಿಂದ ಗೋಣಿತಟ್ಟು ಹೊತ್ತುಕೊಂಡು ಹೋಗಿ, ಅದನ್ನು ಹಾಸಿಕೊಂಡು ಒಬ್ಬರೇ ಕೂತು ಪಾಠ ಕೇಳಿದರು. ಸಂಜೆ ಅದನ್ನು ಮನೆಗೇ ಹೊತ್ತು ತರಬೇಕಿತ್ತು. ಶಾಲೆ ಗುಡಿಸುವ ಆಳು ಕೂಡ ಆ ಗೋಣಿಯನ್ನು ಮುಟ್ಟುತ್ತಿರಲಿಲ್ಲ. ನಮ್ಮ ಅಜ್ಜಂದಿರಲ್ಲಿ ಎಷ್ಟೋ ಜನ ಜಗಲಿ ಮೇಲೆ ಕೂತು ಕಿವಿಗೆ ಬಿದ್ದಷ್ಟನ್ನೇ ವಿದ್ಯೆ ಅಂದುಕೊಂಡರು.

ಇವತ್ತು ಅದೇ ಶಾಲೆಯಲ್ಲಿ ಬೇರೆ ಕೂತಿರುವ ಇನ್ನೊಂದು ಮಗು ಇದೆ. ಅದಕ್ಕೆ ಕಿವಿ ಕೇಳಿಸದು, ಇಲ್ಲಾ ಕಣ್ಣು ಮಸುಕು, ಇಲ್ಲಾ ಕಾಲಿಗೆ ಬಲವಿಲ್ಲ, ಇಲ್ಲಾ ಅಕ್ಷರ ಎಷ್ಟು ತಿದ್ದಿದರೂ ತಲೆಯಲ್ಲಿ ನಿಲ್ಲದು. ಕೊನೆಯ ಸಾಲಿನ ಮೂಲೆಯಲ್ಲಿ ಕೂರಿಸಿ, ಹಾಜರಿ ಹಾಕಿ, ಮಧ್ಯಾಹ್ನ ಊಟ ಕೊಟ್ಟು ಕಳಿಸುತ್ತಾರೆ. “ಅದಕ್ಕೇನು ಬರುತ್ತೆ ಬಿಡ್ರಿ, ಸುಮ್ನೆ ಕೂತಿರ್ಲಿ” ಅಂತಾರೆ. ಆ ಮೂಲೆಗೂ ಬಾರದೆ ಮನೆಯ ಕತ್ತಲ ಕೋಣೆಯಲ್ಲೇ ಬೆಳೆಯುವ ಮಕ್ಕಳು ಇನ್ನೂ ಇದ್ದಾರೆ.

“ದಲಿತರ ಪತ್ರಿಕೆಗೆ ಇದೇಕೆ?” ಅಂತ ನಿಮ್ಮಲ್ಲಿ ಕೆಲವರು ಕೇಳಬಹುದು. ಬಸುರಿ ಹೆಂಗಸಿಗೆ ಹೊಟ್ಟೆ ತುಂಬ ಊಟ ಸಿಗದ ಮನೆ ಯಾವುದು? ಹೆರಿಗೆ ನೋವು ಬಂದಾಗ ಆಸ್ಪತ್ರೆ ದೂರವಾಗುವ ಕೇರಿ ಯಾವುದು? ಮಗುವಿನ ಕಿವಿ ಸೋರಿದರೆ, ಜ್ವರ ನೆತ್ತಿಗೇರಿದರೆ, ಡಾಕ್ಟರ ಹತ್ತಿರ ಹೋಗುವುದಕ್ಕೆ ಒಂದು ದಿನದ ಕೂಲಿ ಬಿಡಬೇಕಾದವರು ಯಾರು? ಬಡತನ ಅಂಗವಿಕಲತೆಯನ್ನು ಹೆಚ್ಚಿಸುತ್ತದೆ, ಅಂಗವಿಕಲತೆ ಬಡತನವನ್ನು ಹೆಚ್ಚಿಸುತ್ತದೆ. 2011ರ ಜನಗಣತಿ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರನ್ನು ಎಣಿಸಿತು. ಅವರಲ್ಲಿ ಕೇರಿಯ ಮಗು ಹೊರುವುದು ಒಂದು ಹೊರೆಯಲ್ಲ, ಎರಡು.

ಈ ವಿಷಯದಲ್ಲಿ ಶಾಲೆ ಎರಡು ಥರ ಅನ್ಯಾಯ ಮಾಡುತ್ತದೆ. ಸಹಾಯ ಬೇಕಾದ ಮಗುವಿಗೆ ಸಹಾಯ ಕೊಡದೆ ಹೊರಗಿಡುವುದು ಒಂದು. ಚೆನ್ನಾಗಿರುವ ಮಗುವಿಗೆ ‘ದಡ್ಡ’ ಅಂತ ಹಣೆಪಟ್ಟಿ ಕಟ್ಟಿ ಮೂಲೆಗೆ ತಳ್ಳುವುದು ಇನ್ನೊಂದು. ಈ ಎರಡನ್ನೂ ಕೋರ್ಟಿನ ಕಟಕಟೆಗೆ ಎಳೆದವರು ಅಮೆರಿಕದ ಕಪ್ಪು ಜನ. ಅವರ ಕತೆ ನಮ್ಮ ಹಾಸ್ಟೆಲ್ ಹುಡುಗರು ಹುಡುಗಿಯರು ತಿಳಿದಿರಬೇಕು.

ಬಿಳಿಯರ ಮಕ್ಕಳಿಗೆ ಒಂದು ಶಾಲೆ, ಕಪ್ಪು ಮಕ್ಕಳಿಗೆ ಇನ್ನೊಂದು ಶಾಲೆ ಅನ್ನುವ ಪದ್ಧತಿ ಸಂವಿಧಾನಕ್ಕೆ ವಿರುದ್ಧ ಅಂತ ಅಲ್ಲಿನ ಸುಪ್ರೀಂ ಕೋರ್ಟು 1954ರಲ್ಲಿ ಹೇಳಿತು. ಬೇರೆ ಕೂರಿಸಿ ‘ಸಮಾನ’ ಅನ್ನುವುದು ಸುಳ್ಳು ಅನ್ನುವುದೇ ಆ ತೀರ್ಪಿನ ತಿರುಳು. ಅಂಗವಿಕಲ ಮಕ್ಕಳ ತಂದೆತಾಯಿಗಳು ಆ ತೀರ್ಪನ್ನೇ ಕೈಯಲ್ಲಿ ಹಿಡಿದುಕೊಂಡು ಕೋರ್ಟಿಗೆ ಹೋದರು. ವಾಷಿಂಗ್ಟನ್ ನಗರದಲ್ಲಿ ಏಳು ಮಕ್ಕಳ ಹೆಸರಿನಲ್ಲಿ ದಾವೆ ಹೂಡಲಾಯಿತು. ಏಳೂ ಕಪ್ಪು ಮಕ್ಕಳು. ನಡತೆ ಸರಿಯಿಲ್ಲ, ಬುದ್ಧಿ ಸಾಲದು, ಫಿಟ್ಸ್ ಬರುತ್ತೆ ಅಂತ ಕಾರಣ ಹೇಳಿ ಶಾಲೆ ಅವರನ್ನು ಹೊರಗೆ ಹಾಕಿತ್ತು. ಆ ಒಂದೇ ನಗರದಲ್ಲಿ ಅಂಥ ಮಕ್ಕಳು ಸುಮಾರು 22,000 ಇದ್ದರು, ಅವರಲ್ಲಿ 18,000ದಷ್ಟು ಮಕ್ಕಳಿಗೆ ಯಾವ ವಿಶೇಷ ಶಿಕ್ಷಣವೂ ಸಿಗುತ್ತಿರಲಿಲ್ಲ ಅನ್ನುವ ಅಂದಾಜು ಕೋರ್ಟಿನ ಮುಂದೆ ಬಂತು.

ಶಾಲಾ ಮಂಡಳಿ ಏನಂತು ಗೊತ್ತೆ? ದುಡ್ಡಿಲ್ಲ ಅಂತು. ಈ ಮಾತನ್ನು ನಾವೂ ಹಾಸ್ಟೆಲಿನಲ್ಲಿ ಕೇಳಿ ಕೇಳಿ ಸಾಕಾಗಿದ್ದೇವೆ. 1972ರಲ್ಲಿ ನ್ಯಾಯಾಧೀಶರು ಕೊಟ್ಟ ಉತ್ತರವನ್ನು ನಾವು ಗೋಡೆ ಮೇಲೆ ಬರೆದುಕೊಳ್ಳಬೇಕು: ದುಡ್ಡು ಸಾಲದಿದ್ದರೆ ಇದ್ದಷ್ಟನ್ನೇ ಎಲ್ಲ ಮಕ್ಕಳಿಗೂ ನ್ಯಾಯವಾಗಿ ಹಂಚಬೇಕು, ಕೊರತೆಯ ಹೊರೆಯನ್ನು ಅಂಗವಿಕಲ ಮಗುವಿನ ತಲೆಗೇ ಹೆಚ್ಚಾಗಿ ಹೊರಿಸಕೂಡದು. ಇದು ಆ ತೀರ್ಪಿನ ಸಾರ.

ಅದೇ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೋ ನಗರದ ಶಾಲೆಗಳಲ್ಲಿ ಇದರ ತಿರುವು ಮುರುವು ನಡೆದಿತ್ತು. ಅಲ್ಲಿ ‘ವಿಶೇಷ ತರಗತಿ’ ಇತ್ತು. ಆದರೆ ಅದರೊಳಗೆ ಯಾರಿದ್ದರು? ಆ ನಗರದ ಶಾಲಾ ಮಕ್ಕಳಲ್ಲಿ ಕಪ್ಪು ಮಕ್ಕಳು ನೂರಕ್ಕೆ ಸುಮಾರು 28. ಬುದ್ಧಿಮಾಂದ್ಯರ ತರಗತಿಯಲ್ಲಿ ನೂರಕ್ಕೆ 66! ಐಕ್ಯೂ ಪರೀಕ್ಷೆಯ ಅಂಕ ತೋರಿಸಿ ಅವರನ್ನು ಅಲ್ಲಿಗೆ ತಳ್ಳಲಾಗಿತ್ತು. ಕಪ್ಪು ಮನಶ್ಶಾಸ್ತ್ರಜ್ಞರು ಅವರಲ್ಲಿ ಕೆಲವು ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, ಮಕ್ಕಳಿಗೆ ಗೊತ್ತಿರುವ ಮಾತಿನಲ್ಲೇ ಪ್ರಶ್ನೆ ಕೇಳಿ ಮತ್ತೆ ಪರೀಕ್ಷೆ ಮಾಡಿದರು. ಆ ಮಕ್ಕಳೆಲ್ಲ ಗೆರೆ ದಾಟಿ ಮೇಲೆ ಬಂದರು! ದೋಷ ಮಗುವಿನ ತಲೆಯಲ್ಲಿರಲಿಲ್ಲ, ಅಳೆಯುವ ಕೋಲಿನಲ್ಲಿತ್ತು. 1971ರಲ್ಲಿ ಶುರುವಾದ ಆ ಮೊಕದ್ದಮೆಯಲ್ಲಿ 1979ರಲ್ಲಿ ತೀರ್ಪು ಬಂತು. ಆ ಪರೀಕ್ಷೆಗಳನ್ನು ನಂಬಿ ಕಪ್ಪು ಮಕ್ಕಳನ್ನು ಅಂಥ ತರಗತಿಗೆ ಹಾಕಕೂಡದು ಅಂತ ಕೋರ್ಟು ತಡೆಯಿತು.

ಎರಡೂ ಮೊಕದ್ದಮೆ ಕಲಿಸುವ ಪಾಠ ಒಂದೇ. ವಿಶೇಷ ಶಿಕ್ಷಣ ಅಂದರೆ ಮಗುವನ್ನು ಎತ್ತಿ ಬೇರೆ ಕಡೆ ಇಡುವುದಲ್ಲ. ಮಗು ಇರುವ ಕಡೆಗೆ ಅದಕ್ಕೆ ಬೇಕಾದ ಮೇಷ್ಟ್ರು, ಬೇಕಾದ ಸಾಧನ, ಬೇಕಾದ ಸಮಯ ಬರುವುದು. 1975ರಲ್ಲಿ ಅಮೆರಿಕದಲ್ಲಿ ಬಂದ ಕಾಯ್ದೆ ಇದನ್ನೇ ಹೇಳಿತು. ಪ್ರತಿಯೊಂದು ಮಗುವಿಗೂ ಅದರದೇ ಕಲಿಕೆಯ ಯೋಜನೆ ಬರೆದಿಡಬೇಕು, ಬರೆಯುವಾಗ ತಂದೆತಾಯಿ ಪಕ್ಕದಲ್ಲಿರಬೇಕು, ಆದಷ್ಟೂ ಉಳಿದ ಮಕ್ಕಳ ಜೊತೆಯಲ್ಲೇ ಕಲಿಸಬೇಕು ಎಂದು ವಿಧಿಸಿತು. ಹಾಗಂತ ಅಲ್ಲಿ ಎಲ್ಲಾ ಸರಿಹೋಯಿತು ಅಂದುಕೊಳ್ಳಬೇಡಿ. ಹೆಚ್ಚಿನ ಖರ್ಚಿನಲ್ಲಿ ನೂರಕ್ಕೆ 40 ಪಾಲು ತಾನು ಕೊಡುತ್ತೇನೆ ಅಂದಿದ್ದ ಕೇಂದ್ರ ಸರ್ಕಾರ ಆ ಮಾತನ್ನು ಯಾವತ್ತೂ ಪೂರ್ತಿ ಉಳಿಸಿಕೊಂಡಿಲ್ಲ.

ಈಗ ನಮ್ಮ ತಾಲೂಕಿಗೆ ಬನ್ನಿ.

ಕಾಗದದ ಮೇಲೆ ನಾವು ಯಾರಿಗೂ ಕಮ್ಮಿಯಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. 1995ರ ಹಳೆಯ ಕಾಯ್ದೆ 7 ಬಗೆಯ ಅಂಗವಿಕಲತೆಯನ್ನು ಗುರುತಿಸಿದ್ದರೆ ಇದು 21 ಬಗೆಯನ್ನು ಗುರುತಿಸುತ್ತದೆ. ಅಕ್ಷರ ಲೆಕ್ಕ ಹತ್ತದ ಕಲಿಕಾ ನ್ಯೂನತೆಯೂ ಅದರಲ್ಲಿ ಸೇರಿದೆ. ಯಾವ ಸರ್ಕಾರಿ ಶಾಲೆಯೂ ಇಂಥ ಮಗುವಿಗೆ ಸೀಟಿಲ್ಲ ಅನ್ನುವಂತಿಲ್ಲ. ಕಲಿಕಾ ನ್ಯೂನತೆಯನ್ನು ಬೇಗ ಗುರುತಿಸಬೇಕು. ಐದು ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಸಮೀಕ್ಷೆ ಆಗಬೇಕು. ಸರ್ಟಿಫಿಕೇಟಿನಲ್ಲಿ ನೂರಕ್ಕೆ 40 ಇದ್ದವರಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ. ಆದರೆ ಒಂದು ಮಾತು ಗಮನದಲ್ಲಿರಲಿ: ಶಾಲೆಗೆ ಸೇರುವ, ಅಲ್ಲಿ ಬೇಕಾದ ಅನುಕೂಲ ಪಡೆಯುವ ಹಕ್ಕಿಗೆ ಈ 40ರ ಗೆರೆ ಇಲ್ಲ. “ಸರ್ಟಿಫಿಕೇಟ್ ತಗೊಂಡ್ ಬಾ ಹೋಗು” ಅಂತ ತಾಯಿಯನ್ನು ಬಾಗಿಲಿನಿಂದ ಅಟ್ಟುವವರಿಗೆ ಈ ಕಾಯ್ದೆ ಓದಿ ಹೇಳಿ.

ಮೇಷ್ಟ್ರ ವಿಷಯಕ್ಕೆ ಬಂದರೆ, ಎಷ್ಟು ಮಕ್ಕಳಿಗೆ ಒಬ್ಬರು ಅನ್ನುವ ಲೆಕ್ಕ ನಿಗದಿ ಮಾಡಿ ಅಂತ 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಕೇಂದ್ರ ಸರ್ಕಾರಕ್ಕೆ ಹೇಳಿತು. ಕೇಂದ್ರ 2022ರಲ್ಲಿ ಆ ಲೆಕ್ಕ ಪ್ರಕಟಿಸಿತು: 1ರಿಂದ 5ನೇ ತರಗತಿವರೆಗೆ ಇಂಥ 10 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು, 6ರಿಂದ 8ಕ್ಕೆ 15 ಮಕ್ಕಳಿಗೆ ಒಬ್ಬರು. ಕೋರ್ಟಿನ ತೀರ್ಪು ಬಂದು ಮೂರು ವರ್ಷ ಕಳೆದರೂ ರಾಜ್ಯಗಳು ಅಲುಗಾಡಲಿಲ್ಲ. 2025ರ ಮಾರ್ಚಿನಲ್ಲಿ ಅದೇ ಕೋರ್ಟು ಮತ್ತೆ ಹೇಳಬೇಕಾಯಿತು: ಎಷ್ಟು ಹುದ್ದೆ ಬೇಕು ಅಂತ ಲೆಕ್ಕ ಹಾಕಿ ಪ್ರಕಟಿಸಿ, ಭರ್ತಿ ಮಾಡಿ, ವರ್ಷಗಟ್ಟಲೆ ಗುತ್ತಿಗೆಯಲ್ಲಿ ದುಡಿಯುತ್ತಿರುವ ಅರ್ಹರನ್ನೂ ಪರಿಶೀಲಿಸಿ ತೆಗೆದುಕೊಳ್ಳಿ.

ಹೋಬಳಿಯಲ್ಲಿ ಕಾಣುವುದು ಏನು? ಬಿ.ಆರ್.ಸಿ. ಕಚೇರಿಯಲ್ಲಿ ಕೂತು ಇಡೀ ತಾಲೂಕು ನೋಡಿಕೊಳ್ಳಬೇಕಾದ ಬೆರಳೆಣಿಕೆಯ ಸಂಪನ್ಮೂಲ ಶಿಕ್ಷಕರು. ಬಿ.ಐ.ಇ.ಆರ್.ಟಿ. ಅಂತ ಅವರನ್ನು ಕರೆಯುತ್ತಾರೆ. ಬಸ್ಸು ಹಿಡಿದು, ಬೈಕು ಹತ್ತಿ, ಒಂದು ಶಾಲೆಗೆ ಒಂದು ದಿನ, ಮುಂದಿನ ಸಲ ಯಾವಾಗಲೋ. ಮಲಗಿದಲ್ಲೇ ಇರುವ ಮಕ್ಕಳ ಮನೆಗೂ ಅವರೇ ಹೋಗಬೇಕು. ತಪ್ಪು ಆ ಶಿಕ್ಷಕರದಲ್ಲ. ಬ್ರೈಲ್ ಕಲಿಯುವ ಮಗುವಿಗೆ, ಸನ್ನೆ ಭಾಷೆ ಕಲಿಯುವ ಮಗುವಿಗೆ ದಿನಾ ಕಲಿಸುವವರು ಬೇಕು. ಅಪರೂಪಕ್ಕೆ ಒಂದು ಗಂಟೆ ಬಂದು ಹೋದರೆ ಯಾವ ಮಗು ತಾನೇ ಕಲಿತೀತು?

ಇನ್ನು ಕ್ಯಾಂಪು. ವರ್ಷಕ್ಕೊಮ್ಮೆ ಶಾಮಿಯಾನ ಹಾಕಿ ಗಾಲಿಕುರ್ಚಿ ಹಂಚಿ ಫೋಟೋ ತೆಗೆಸಿಕೊಳ್ಳುತ್ತಾರೆ. ಗಾಲಿಕುರ್ಚಿ ಬಂತು, ಶಾಲೆಗೆ ಇಳಿಜಾರು ದಾರಿ ಬರಲಿಲ್ಲ. ಶ್ರವಣಯಂತ್ರ ಬಂತು, ಬ್ಯಾಟರಿ ಮುಗಿದ ಮೇಲೆ ಅದು ಗೂಡಿನಲ್ಲಿ ಕೂತಿತು. 2018ರಲ್ಲಿ ಸಮಗ್ರ ಶಿಕ್ಷಾ ಯೋಜನೆ ಶುರುವಾದಾಗ ಇಂಥ ಒಂದು ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗೆ ಅಂತ ಇಟ್ಟರು. ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳ ಭತ್ಯೆಯನ್ನೂ ಇಟ್ಟರು. 3,500 ಅಂದರೆ ದಿನಕ್ಕೆ ಹತ್ತು ರೂಪಾಯಿ. ಈ ಹತ್ತು ರೂಪಾಯಿಯಾದರೂ ನಿಮ್ಮೂರ ಮಗುವಿಗೆ ಮುಟ್ಟಿತೇ ಅಂತ ಯಾರು ಕೇಳಬೇಕು?

ಇನ್ನೊಂದು ಮೋಸದ ಬಗ್ಗೆ ಎಚ್ಚರವಿರಲಿ. ತೀವ್ರ ಅಂಗವಿಕಲತೆ ಇರುವ ಮಗು ಮನೆಯಲ್ಲೇ ಕಲಿಯಬಹುದು ಅಂತ 2012ರ ತಿದ್ದುಪಡಿ ಹೇಳಿತು. ಅದು ಮಗುವಿನ, ತಂದೆತಾಯಿಯ ಆಯ್ಕೆ, ಶಾಲೆ ಕೊಡುವ ಆರ್ಡರ್ ಅಲ್ಲ. ಹೆಸರಿಗೆ ‘ಗೃಹಾಧಾರಿತ ಶಿಕ್ಷಣ’ ಅಂತ ಬರೆದು ಮಗುವನ್ನು ಮನೆಗೆ ಕಳಿಸಿ ಕೈತೊಳೆದುಕೊಂಡರೆ ಅದು ಹೊಸ ಗೋಣಿತಟ್ಟು. ಹಾಗೆಯೇ, ಕಿವುಡ ಮಕ್ಕಳು ಒಟ್ಟಿಗಿದ್ದು ಸನ್ನೆ ಭಾಷೆಯಲ್ಲಿ ಕಲಿಯುವ ಶಾಲೆ ಬೇಕು ಅಂದರೆ ಅದನ್ನು ನಾವು ಬಹಿಷ್ಕಾರ ಅನ್ನಬಾರದು. ಅದೂ ಅವರ ಹಕ್ಕು. ತಾವಾಗಿ ಕೂಡಿ ಕೂರುವುದೇ ಬೇರೆ, ಇನ್ನೊಬ್ಬರು ದೂರ ಕೂರಿಸುವುದೇ ಬೇರೆ. ಈ ವ್ಯತ್ಯಾಸ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

‘ದಡ್ಡ’ ಅನ್ನುವ ಹಣೆಪಟ್ಟಿಯೂ ಬಿಡುವುದಿಲ್ಲ. ಮನೆಯಲ್ಲಿ ಕೇರಿಯ ಮಾತು ಆಡುವ ಮಗುವಿಗೆ, ಲಂಬಾಣಿ ಆಡುವ ತಾಂಡಾದ ಮಗುವಿಗೆ, ಪುಸ್ತಕದ ಕನ್ನಡ ತಡವರಿಸಿದರೆ ಅದು ಬುದ್ಧಿಯ ಕೊರತೆ ಅಲ್ಲ. ಅಪ್ಪ ಅವ್ವನ ಜೊತೆ ಕಬ್ಬು ಕಡಿಯಲು ಗುಳೆ ಹೋಗಿ ಬಂದ ಮಗು ಮಗ್ಗಿ ಮರೆತರೆ ಅದೂ ಅಲ್ಲ. ನಿಜವಾಗಿ ಕಲಿಕಾ ನ್ಯೂನತೆ ಇರುವ ಮಗುವನ್ನು ಗುರುತಿಸಲು ತರಬೇತಾದ ಕಣ್ಣು ಬೇಕು. ಜಾತಿ ನೋಡಿ ಬುದ್ಧಿ ಅಳೆಯುವ ಕಣ್ಣಿಗೆ ಈ ಎರಡರ ಭೇದ ಎಂದೂ ಕಾಣುವುದಿಲ್ಲ.

ಗೆಳೆಯರೇ, ರಜಕ್ಕೆ ಊರಿಗೆ ಹೋದಾಗ ನಮಗೆ ಕೆಲಸವಿದೆ. ಕೇರಿಯ ಮನೆ ಮನೆಗೆ ಹೋಗಿ. ಶಾಲೆಗೆ ಹೋಗದ, ಹೋದರೂ ಕಲಿಯದ ಮಕ್ಕಳ ಪಟ್ಟಿ ಮಾಡಿ. ತಾಯಿಯನ್ನು ಬೈಯಬೇಡಿ, ಪಕ್ಕದಲ್ಲಿ ಕೂತು ಕೇಳಿ. ಆ ಪಟ್ಟಿಯನ್ನು ಅರ್ಜಿ ಮಾಡಿ ಹೆಡ್‌ಮಾಸ್ಟರಿಗೂ ಬಿ.ಇ.ಓ.ಗೂ ಕೊಟ್ಟು ಸ್ವೀಕೃತಿಗೆ ಸಹಿ ಹಾಕಿಸಿಕೊಳ್ಳಿ. ತಾಲೂಕಿನಲ್ಲಿ ಇಂಥ ಮಕ್ಕಳೆಷ್ಟು, ವಿಶೇಷ ಶಿಕ್ಷಕರೆಷ್ಟು, ಬಂದ ಹಣವೆಷ್ಟು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತಕ್ಕೆ ಒಬ್ಬರು ಅನ್ನುವ ಲೆಕ್ಕದ ಪಕ್ಕ ಆ ಅಂಕಿ ಬರೆದು ಸಭೆಯಲ್ಲಿ ಓದಿ. ಎಸ್.ಡಿ.ಎಂ.ಸಿ.ಯಲ್ಲಿ ನೂರಕ್ಕೆ 75 ಜನ ತಂದೆತಾಯಿಗಳೇ ಇರಬೇಕು ಅಂತ ಕಾಯ್ದೆ ಇದೆ. ಅಂಗವಿಕಲ ಮಗುವಿನ ತಾಯಿ ಆ ಸಭೆಯಲ್ಲಿ ಬಾಯಿ ಬಿಡುವಂತಾಗಲಿ. ಮತ್ತೆ, ಬಿ.ಎಡ್. ಮಾಡಬೇಕು ಅಂದುಕೊಂಡವರಲ್ಲಿ ಕೆಲವರಾದರೂ ವಿಶೇಷ ಶಿಕ್ಷಣದ ಕೋರ್ಸು ಹಿಡಿಯಿರಿ. ಆ ಹುದ್ದೆ ಬಂದಾಗ ಕೇರಿಯ ಮಾತು ಬಲ್ಲವರೇ ಅಲ್ಲಿ ಇರಬೇಕು. ಸ್ಯಾನ್ ಫ್ರಾನ್ಸಿಸ್ಕೋದ ಮಕ್ಕಳ ಹಣೆಪಟ್ಟಿ ಕಳಚಿದ್ದು ಅವರ ಮಾತು ಬಲ್ಲವರಿಂದಲೇ.

ನಮ್ಮ ಹಾಸ್ಟೆಲಿನ ಮೆಟ್ಟಿಲನ್ನೂ ಒಮ್ಮೆ ನೋಡಿ. ಊರುಗೋಲು ಹಿಡಿದ ನಮ್ಮದೇ ತಮ್ಮ, ನಮ್ಮದೇ ತಂಗಿ ಆ ಮೆಟ್ಟಿಲು ಹತ್ತಿ ಒಳಗೆ ಬರಬಲ್ಲರೇ? ಬಾರದಿದ್ದರೆ ನಮ್ಮ ಮುಂದಿನ ಮನವಿಯ ಮೊದಲ ಬೇಡಿಕೆ ಅದೇ ಆಗಲಿ. ಸಮಾನತೆ ಕೇಳುವವರ ಬಾಗಿಲು ಮೊದಲು ಅಗಲವಾಗಿರಬೇಕು.

ಜೈ ಭೀಮ್.